ಚಕ್ಕುಬಂದಿ

ತಾಳವಾಡಿ ತಾಲ್ಲೂಕು ಕಚೇರಿಯೆದುರು ನನ್ನದೊಂದು ಮೇಜು,
ಒಂದು ಕಾಲಿಗೆ ಇಟ್ಟಿಗೆ ಒತ್ತು.
ತಮಿಳು ಕಾಗದ ಓದಿ ಕನ್ನಡದಲ್ಲಿ ಹೇಳುತ್ತೇನೆ,
ಕನ್ನಡದ ಸಂಕಟ ಕೇಳಿ ತಮಿಳಿನಲ್ಲಿ ಬರೆಯುತ್ತೇನೆ.
ಅರ್ಜಿಗೆ ಐವತ್ತು. ಅಳುವವರಿಗೆ ಮೂವತ್ತು.

ದುಂಡಮ್ಮ ಬಂದದ್ದು ಕೋಸು ತುಂಬಲು ಬಂದ ಖಾಲಿ ಲಾರಿಯಲ್ಲಿ.
ಚಿನ್ನದಂಗಡಿಯ ಹಳೇ ಕವರಿನೊಳಗಿಂದ
ಕ್ರಯಪತ್ರ ತೆಗೆದು ಮೇಜಿನ ಮೇಲೆ ಬಿಡಿಸಿದಳು:
‘ಇದರಲ್ಲಿ ನೋಟ ಬರೆದದಾ ನೋಡಿ ಸಾಮಿ.’
ಯಾವ ನೋಟ?
‘ನಮ್ಮ ಹಿತ್ತಲಿಂದ ಕಾಣೋದು.’

ದಿಂಬಂ ಘಾಟಿಯ ಕೊನೇ ತಿರುವಿಗೆ ಅಂಟಿಕೊಂಡು ಅವಳ ಟೀ ಅಂಗಡಿ.
ಹಿಂದೆ ಏಳು ಸೆಂಟು, ಒಂದು ಸೀಬೆ, ತಗಡಿನ ಕಕ್ಕಸು.
ಕಕ್ಕಸಿನ ಹಿಂದೆ ಬೆಟ್ಟ
ಮಾತಿನ ನಡುವೆ ಎದ್ದು ಹೋದವರಂತೆ ಮುಗಿದುಹೋಗುತ್ತದೆ.
ಆಮೇಲೆ ಬರೀ ಗಾಳಿ. ತಳದಲ್ಲಿ ಬಣ್ಣಾರಿಯ ಕಾಡು,
ಅದರಾಚೆ ಭವಾನಿಸಾಗರದ ನೀರು,
ತೊಳೆದು ಮಗುಚಲು ಮರೆತ ತಟ್ಟೆ.
‘ಮೂವತ್ತು ವರ್ಷ ಚೊಂಬು ಹಿಡಕಂಡೇ ನೋಡಿದ್ದು,
ಅದಕ್ಕೂ ಒಂದು ರೇಟದ ಅಂತ ಯಾರು ಕಂಡಿದ್ರು?’

ಕಂಡವನು ಗೋಪಿಚೆಟ್ಟಿಪಾಳ್ಯದ ತಂಗರಾಸು.
ಟೇಪು ತರಲಿಲ್ಲ, ಫೋನು ತಂದ.
ಅಂಗಳದಲ್ಲಿ ಅದನ್ನೆತ್ತಿ ಹಿಡಿದು ನಿಧಾನ ಸುತ್ತಿದ,
ಕಕ್ಕಸಿನ ಹತ್ತಿರ ಬಂದಾಗ ನಿಂತ.
ಸೆಂಟಿಗೆ ಇಷ್ಟು, ನೋಟಕ್ಕೆ ಬೇರೆ ಅಂದ.
ಇಲ್ಲಿ ಗಾಜಿನ ಕೋಣೆ, ಇಲ್ಲಿ ಜೋಕಾಲಿ,
ನೀವು ಇಲ್ಲೇ ಇರಿ ಅಕ್ಕಾ, ಟೀ ನಿಮ್ಮದೇ,
ತಲೆಗೊಂದು ಟೋಪಿ ಹಾಕಿಕೊಂಡರೆ ಸಾಕು.

ಅವನ ಲೆಕ್ಕ ತಪ್ಪಲ್ಲ. ಕೆಟ್ಟ ವಾರದಲ್ಲಿ
ಕೋಸು ಕಿಲೋಗೆ ಎರಡು ರೂಪಾಯಿ, ಕೊಯ್ಲಿನ ಕೂಲಿಗೂ ಸಾಲದು.
ಸಂಜೆಗೆ ಗೇಟು ಬಿದ್ದರೆ ಬೆಳಗಿನವರೆಗೆ ಲಾರಿ ಇಳಿಯದು;
ರಾತ್ರಿಗೊಂದು ಎಲೆಯಂತೆ ಕೋಸು ಮುದಿಯಾಗುತ್ತದೆ,
ಕಾದು ಕೂತ ಡ್ರೈವರುಗಳಿಗೆ ಅವಳ ಟೀ ಖರ್ಚಾಗುತ್ತದೆ.
ಸತ್ಯಮಂಗಲದ ಸೆಕೆಗೆ ಚಳಿ ಮಾರುವುದೇ ಈಗ ಹೊಸ ಬೆಳೆ.
ಗೊಬ್ಬರ ಬೇಡ, ಔಷಧಿ ಬೇಡ,
ಆನೆ ತುಳಿಯುವುದಿಲ್ಲ.

ನಾನು ಓದಿದೆ. ಮೂಡಲಿಗೆ ಅರಣ್ಯ ಇಲಾಖೆಯ ಕಲ್ಲು.
ಬಡಗಲಿಗೆ ಹೆದ್ದಾರಿ.
ಪಡುವಲಿಗೆ ಮಾರಪ್ಪನ ಮಗ ರಂಗಸಾಮಿಯ ಬೇಲಿ.
ತೆಂಕಲಿಗೆ, ಪಳ್ಳಂ.
ಮತ್ತೊಮ್ಮೆ ಓದಿದೆ. ಪಳ್ಳಂ.
ತಮಿಳಿನ ಪಳ್ಳ, ನಮ್ಮ ಹಳ್ಳ, ಗುಂಡಿಯೂ ಅದೇ.
ಅಷ್ಟು ಕಾಡಿಗೆ, ಅಷ್ಟು ನೀರಿಗೆ,
ಕಾಲ ಕೆಳಗೆ ಹಾದುಹೋಗುವ ಮೋಡಕ್ಕೆ,
ರಾತ್ರಿ ಚೆಲ್ಲಿಕೊಂಡ ಊರೂರ ದೀಪಕ್ಕೆ
ಸಬ್ ರಿಜಿಸ್ಟ್ರಾರು ಕೊಟ್ಟ ಹೆಸರು ಇದೊಂದೇ.

ದುಂಡಮ್ಮ ಸೆರಗು ಬಾಯಿಗಿಟ್ಟು ನಕ್ಕಳು:
‘ಹಳ್ಳಕ್ಕಾ ಅವನು ಹನ್ನೆರಡು ಲಕ್ಷ ಅಂದದ್ದು?
ನಮ್ಮ ಕಂದು ಹಸ ಬಿದ್ದು ಸತ್ತದ್ದೂ ಅದಕ್ಕೇ.
ಆಗ ಒಂದು ರೂಪಾಯಿ ಪರಿಹಾರ ಬರನಿಲ್ಲ.’

ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು.
ಕೋಸಿನ ಮೂಟೆ ಎಣಿಸುವ ಹುಡುಗನ ಕೂಗು ಕೇಳುತ್ತಿತ್ತು.

‘ಬರೀರಿ ಸಾಮಿ. ಸೆಂಟು ಕೊಡ್ತೀನಿ, ಸೀಬೆ ಕೊಡ್ತೀನಿ,
ಟೋಪಿನೂ ಹಾಕ್ತೀನಿ.
ಬೆಳಗಿನ ಜಾವ ಅರ್ಧ ಗಂಟೆ
ಆ ಮೂಲೆಗೆ ಯಾರೂ ಬರಕೂಡದು.
ಕಕ್ಕಸು ಬೇಕಾದ್ರೆ ಒಡೀಲಿ. ಜಾಗ ನಂದು, ಅರ್ಧ ಗಂಟೆ.’
ಯಾಕೆ ಅಂತ ಕಾರಣ ಹಾಕಬೇಕಮ್ಮ, ಅಂದೆ.
‘ಕಾರಣ ಬ್ಯಾಡ.’

ಬರೆದೆ. ಕರಾರು ನಿಲ್ಲುತ್ತದೋ ಇಲ್ಲವೋ, ಗೊತ್ತಿಲ್ಲ.
ಅವಳು ಅಳಲಿಲ್ಲ, ಆದರೂ ಮೂವತ್ತೇ ತೆಗೆದುಕೊಂಡೆ.
ಗೇಟು ಬೀಳುವ ಮೊದಲು ದಿಂಬಂ ಮುಟ್ಟಬೇಕೆಂದು
ತುಂಬಿದ ಲಾರಿಯ ಮುಂದಿನ ಸೀಟಿಗೆ ಹತ್ತಿದಳು.

ಮೇಜಿನ ಮೇಲೆ ಕಾರ್ಬನ್ ಪ್ರತಿ ಉಳಿದಿದೆ.
ಇದೇ ಬೆಟ್ಟದ ಮೇಲೆ ಹುಟ್ಟಿ ನನಗೀಗ ಐವತ್ತೆರಡು.
ಆ ಹಳ್ಳವನ್ನು ನಾನು ನೋಡಿದ್ದು
ಈರೋಡಿನ ಬಸ್ಸಿನ ಕಿಟಕಿಯಿಂದ,
ಬಾಯಲ್ಲಿ ನಿಂಬೆಹಣ್ಣು ಕಚ್ಚಿಕೊಂಡು,
ಅರ್ಧ ಕಣ್ಣು ಮುಚ್ಚಿ.